ಹೆಎಇಯಾ ಕೊಳದ ಗೋಡೆಯನ್ನು ಅಚ್ಚಿಗೆ ತಂದದ್ದು

ಹವಾಯಿಯ ಓಅಹು ದ್ವೀಪದಲ್ಲಿ, ಕಾನೆಓಹೆ ಕೊಲ್ಲಿಯ ಅಂಚಿಗೆ ಹೆಎಇಯಾ ಅನ್ನೋ ಮೀನಿನ ಕೊಳ ಇದೆ. ಅಲ್ಲಿಯವರು ಇಂಥ ಕೊಳಕ್ಕೆ ಲೋಕೊ ಇಅ ಅನ್ನುತ್ತಾರೆ. 88 ಎಕರೆ ನೀರು, ಸುತ್ತ ಸುಮಾರು 7,000 ಅಡಿ ಉದ್ದದ ಕಲ್ಲಿನ ಗೋಡೆ. ಕಟ್ಟಿ 600ರಿಂದ 800 ವರ್ಷ ಆಯಿತು. ಈ ಗೋಡೆಯನ್ನು ಲಿನೋಕಟ್‌ನಲ್ಲಿ, ಅಂದರೆ ಲಿನೋಲಿಯಂ ಹಾಳೆ ಕೆತ್ತಿ ಮಸಿ ಹಚ್ಚಿ ಕಾಗದಕ್ಕೆ ಅಚ್ಚೊತ್ತುವ ಕಲೆಯಲ್ಲಿ, ಕೆತ್ತಲೇಬೇಕು ಅಂತ ಮನಸ್ಸು ಹಟ ಹಿಡಿಯಿತು.

ಮೊದಲ ಅಚ್ಚು ಕೈಕೊಟ್ಟಿತು. ಫೋಟೋ ಮುಂದಿಟ್ಟುಕೊಂಡು ಒಂದೊಂದು ಕಲ್ಲನ್ನೂ ನೀಟಾಗಿ ಕೆತ್ತಿದ್ದೆ. ಕಾಗದ ಎತ್ತಿ ನೋಡಿದರೆ ಮನೆ ಕಾಂಪೌಂಡ್ ಥರ ಕಾಣಿಸಿತು. ಒಳಗಿನ ನೀರಿಗೆ ಜೀವವೇ ಇರಲಿಲ್ಲ.

ಆಮೇಲೆ ಒಂದು ಶನಿವಾರ ಕೊಳದ ಕೆಲಸಕ್ಕೆ ಹೋದೆ. 1965ರ ಪ್ರವಾಹಕ್ಕೆ ಈ ಗೋಡೆ ಒಡೆದಿತ್ತು. ಪಯೆಪಯೆ ಓ ಹೆಎಇಯಾ ಸಂಸ್ಥೆಯವರು 2001ರಿಂದ ಜನರನ್ನು ಸೇರಿಸಿಕೊಂಡು ಕೊಳವನ್ನು ಮತ್ತೆ ಎದ್ದು ನಿಲ್ಲಿಸುತ್ತಿದ್ದಾರೆ. ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿದೆವು. ಆಚೆ ಈಚೆ ಕಪ್ಪು ಲಾವಾ ಕಲ್ಲು, ನಡುವೆ ತುಂಬಲು ಹವಳದ ಚೂರು. ಗಾರೆ ಇಲ್ಲವೇ ಇಲ್ಲ. ಉಬ್ಬರ ಏರುವಾಗ ಸಂದಿಗೆ ಅಂಗೈ ಒತ್ತಿದೆ. ತಣ್ಣಗೆ ನೀರು ಒಸರುತ್ತಿತ್ತು. ಸಮುದ್ರದ ಹೊಡೆತವನ್ನು ತಡೆದು, ನೀರನ್ನು ಮಾತ್ರ ಬಿಡುವ ಗೋಡೆ!

ಮಾಕಾಹಾ ಅನ್ನೋ ಬಾಗಿಲೂ ಹಾಗೇ. ಉದ್ದುದ್ದ ಮರದ ಕಡ್ಡಿ, ನಡುನಡುವೆ ಸಂದು. ಮರಿಗಳು ನುಸುಳಿ ಒಳಗೆ ಬರುತ್ತವೆ, ಮೇಯ್ದು ದಪ್ಪ ಆದಮೇಲೆ ಹೊರಗೆ ಹೋಗಲಾರವು. ಅಮಅಮ ಅನ್ನೋ ಮಲೆಟ್ ಮೀನು, ನಮ್ಮ ಕರಾವಳಿಯಲ್ಲೂ ಸಿಗುವ ಹೂಮೀನು, ಎಲ್ಲ ಹೀಗೇ ಬೆಳೆಯೋದು. ಉಬ್ಬರದ ಹೊಸ ನೀರು ಬಂದಾಗ ದೊಡ್ಡ ಮೀನುಗಳು ಬಾಗಿಲ ಹತ್ತಿರ ಗುಂಪುಗೂಡುತ್ತವೆ. ಹಿಡಿಯುವುದೂ ಅಲ್ಲೇ. ಕುಮಟಾ ಕಡೆಯ ಗಜನಿ ಗದ್ದೆ ನೋಡಿದವರಿಗೆ ಉಬ್ಬರದ ನೀರು, ಹಲಗೆ ಬಾಗಿಲು, ಸಿಗಡಿ ಎಲ್ಲ ನೆನಪಾಗುತ್ತೆ, ಅಲ್ವಾ?

ಎರಡನೇ ಸಲ ಕಲ್ಲನ್ನು ಮುಟ್ಟಲೇ ಇಲ್ಲ. ಸಣ್ಣ ವಿ ಆಕಾರದ ಉಳಿ ಹಿಡಿದು ಸಂದುಗಳನ್ನಷ್ಟೇ ಕೆತ್ತಿದೆ. ಲಿನೋದಲ್ಲಿ ಕೆತ್ತಿದ ಜಾಗಕ್ಕೆ ಮಸಿ ಹತ್ತೋದಿಲ್ಲ. ಹಾಗಾಗಿ ಕಾಗದದ ಬಿಳಿಯೇ ನೀರಾಯಿತು, ಉಳಿದದ್ದು ತಾನಾಗಿ ಕಲ್ಲಾಯಿತು. ಸಂದುಗಳು ಒಂದೇ ಅಗಲ ಇರಬಾರದು. ಅಲೆ ಬಡಿಯುವ ಕಡೆ ಕೂದಲೆಳೆಯಷ್ಟು, ಕೊಳದ ಕಡೆ ಸ್ವಲ್ಪ ಜಾಸ್ತಿ ಬಿಟ್ಟೆ. ರೋಲರ್‌ನಲ್ಲಿ ಮಸಿ ಕಡಿಮೆ ಹಚ್ಚಿದೆ. ಜಾಸ್ತಿಯಾದರೆ ಈ ಕೂದಲೆಳೆಗಳು ಮುಚ್ಚಿಹೋಗುತ್ತವೆ.

ಕೊನೆಗೆ ಬಾಗಿಲ ಎರಡು ಕಡ್ಡಿಗಳ ನಡುವೆ ಒಂದು ಮರಿಮೀನು ಕೆತ್ತಿದೆ. ತಲೆ ಕೊಳದಲ್ಲಿ, ಬಾಲ ಇನ್ನೂ ಸಮುದ್ರದಲ್ಲಿ.