ಮಾತನಾಡುತ್ತಾ ಆಡಿದ ಚೆಸ್

ಕಾಯಿ ಹೊಡೆಯುವ ಜಾಣ್ಮೆ ಕಲಿಯಲು ಈಗ ಮೊಬೈಲ್ ಸಾಕು. ಎರಡು ನಡೆಯಲ್ಲಿ ಚೆಕ್‌ಮೇಟ್, ಮೂರು ನಡೆಯಲ್ಲಿ ಚೆಕ್‌ಮೇಟ್ ಎಂದು ಅದು ಒಗಟುಗಳನ್ನು ಸುರಿಯುತ್ತಲೇ ಇರುತ್ತದೆ. ಬಿಡಿಸುತ್ತಾ ಹೋದರೆ ಕಣ್ಣು ಚುರುಕಾಗುತ್ತದೆ, ನಿಜ. ಆದರೆ ಹೊಡೆಯಲು ಏನೂ ಇಲ್ಲದ, ಚೆಕ್ ಕೊಡಲು ದಾರಿಯಿಲ್ಲದ, ಎರಡೂ ಕಡೆಯ ಕಾಯಿಗಳು ಸುಭದ್ರವಾಗಿ ಕುಳಿತಿರುವ ಸ್ಥಿತಿಯಲ್ಲಿ ಏನು ಮಾಡಬೇಕು? ಒಗಟು ಅದನ್ನು ಹೇಳಿಕೊಡುವುದಿಲ್ಲ. ಒಗಟು ಎಂದ ಮೇಲೆ ಉತ್ತರ ಇದ್ದೇ ಇರುತ್ತದೆ. ಆಟದಲ್ಲಿ ಉತ್ತರ ಇದೆಯೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ. ಆ ಖಾಲಿ ಹೊತ್ತಿನಲ್ಲಿ ಯೋಚಿಸುವುದನ್ನು ನಾನು ಕಲಿತದ್ದು ಚಿಕ್ಕಮಗಳೂರಿನಲ್ಲಿ, ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಎದುರು ಕುಳಿತು, ಗೆಲುವು ಸೋಲುಗಳ ಲೆಕ್ಕ ಇಡದ ಆಟಗಳಲ್ಲಿ.

ನಾನು ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಶನಿವಾರ ಆಳುಗಳ ಬಟವಾಡೆ ಮುಗಿದರೆ ಭಾನುವಾರ ನನ್ನದು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಆ ಭಾನುವಾರವೂ ಕಣದಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನಮ್ಮ ಚೆಸ್ ಹೆಚ್ಚಾಗಿ ಮಳೆಗಾಲದ್ದು. ಬಸ್ಸಿಳಿದು ಬಸವನಹಳ್ಳಿ ಕಡೆ ಕೊಡೆ ಹಿಡಿದು ನಡೆದರೆ ಮೇಷ್ಟ್ರ ಮನೆ. ಕರೆಂಟ್ ಹೋದರೆ ಅವರಿಗೆ ಖುಷಿ, ಏಕೆಂದರೆ ಒಳಗಿನ ಟಿವಿ ಸುಮ್ಮನಾಗುತ್ತದೆ.

ನಾವು ಅದನ್ನು ಪಾಠದ ಆಟ ಎನ್ನುತ್ತೇವೆ. ಗಡಿಯಾರ ಇಡುವುದಿಲ್ಲ. ಕಾಯಿ ನಡೆಸುವ ಮೊದಲು, ಎದುರಾಳಿಯ ಹಿಂದಿನ ನಡೆ ಏನನ್ನು ಬಯಸುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ತನ್ನ ನಡೆಯ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ‘ಸುಮ್ಮನೆ’ ಎನ್ನುವಂತಿಲ್ಲ, ‘ಏನಾಗುತ್ತದೋ ನೋಡೋಣ’ ಎನ್ನುವಂತೆಯೂ ಇಲ್ಲ. ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಆದರೆ ಕಾರಣ ಕೊಟ್ಟು. ಈ ಕಟ್ಟಳೆಗಳೆಲ್ಲ ಮೇಷ್ಟ್ರಿಗೂ ಅನ್ವಯ, ಮತ್ತು ಇಡೀ ಪದ್ಧತಿಯ ಜೀವ ಇರುವುದು ಅಲ್ಲೇ ಎಂಬುದು ನನ್ನ ಅಭಿಪ್ರಾಯ. ಕಲಿಸುವವರು ಬರೀ ತಿದ್ದುತ್ತಾ ಕುಳಿತರೆ ಕಲಿಯುವವನಿಗೆ ಸಿಗುವುದು ಉಪದೇಶ. ತಮಗಿಂತ ದುರ್ಬಲನ ಎದುರಿಗೂ ಅವರು ‘ಈ ಮನೆಗೆ ನಿನ್ನ ಕುದುರೆ ಬಂದರೆ ನನಗೆ ಕಷ್ಟ’ ಎಂದು ಒಪ್ಪಿಕೊಂಡು ಹೇಳಿದಾಗ ಮಾತ್ರ, ಬಲಿಷ್ಠ ಆಟಗಾರನ ತಲೆಯೊಳಗೆ ಏನು ಓಡುತ್ತದೆ ಎಂಬುದು ಕಾಣುತ್ತದೆ. ಅವರ ತಲೆಯಲ್ಲಿ ಓಡುತ್ತಿದ್ದುದು ನಾನು ಅಂದುಕೊಂಡಂತೆ ಹತ್ತು ಹದಿನೈದು ನಡೆಗಳ ಲೆಕ್ಕವಾಗಿರಲಿಲ್ಲ. ಯಾವ ಕಾಯಿ ಎಲ್ಲಿರಬೇಕು ಎಂಬ ಹಂಬಲವಾಗಿತ್ತು.

ದಾರಿ ತೋಚದಿದ್ದಾಗ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನಿನ್ನ ಕಡೆ ಕೆಲಸವಿಲ್ಲದೆ ಕೂತಿರುವವನು ಯಾರಪ್ಪಾ?” ಸಾಮಾನ್ಯವಾಗಿ ಮೂಲೆಯ ಆನೆಯೋ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡ ಒಂಟೆಯೋ ಉತ್ತರವಾಗಿರುತ್ತದೆ. ಅದಕ್ಕೊಂದು ಕೆಲಸ ಹುಡುಕಿದರೆ ನಡೆ ತಾನಾಗಿ ಸಿಗುತ್ತದೆ. ಚೆಸ್ ಸ್ಟ್ರಾಟಜಿಯಲ್ಲಿ ಇಷ್ಟು ಸರಳವಾದ, ಇಷ್ಟು ಸಲ ಕೈ ಹಿಡಿದ ಸೂತ್ರ ನನಗೆ ಬೇರೊಂದು ಗೊತ್ತಿಲ್ಲ.

ಒಂದು ಆಟವನ್ನು ವಿವರವಾಗಿ ಹೇಳುತ್ತೇನೆ. ಬೋರ್ಡ್ ಇದ್ದವರು ಕಾಯಿ ಜೋಡಿಸಿಕೊಳ್ಳಬಹುದು. ಡಿ4, ಸಿ6 ಎಂಬುವು ಮನೆಗಳ ಹೆಸರು: ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗೆ ಉದ್ದಸಾಲುಗಳು, ಕೆಳಗಿನಿಂದ ಮೇಲಕ್ಕೆ ಒಂದರಿಂದ ಎಂಟರವರೆಗೆ ಅಡ್ಡಸಾಲುಗಳು.

ನನ್ನದು ಬಿಳಿ. ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭ ಆಡಿದೆವು: ಡಿ4, ಡಿ5, ಸಿ4, ಇ6. ಕುದುರೆಗಳು ಸಿ3ಕ್ಕೂ ಎಫ್6ಕ್ಕೂ ಬಂದ ಮೇಲೆ ನಾನು ಸಿ4 ಕಾಲಾಳಿನಿಂದ ಡಿ5 ಹೊಡೆದೆ, ಅವರು ಇ6 ಕಾಲಾಳಿನಿಂದ ತಿರುಗಿ ಹೊಡೆದರು. ಮುಂದಿನದೆಲ್ಲ ಪರಿಚಿತ ದಾರಿ. ನನ್ನ ಒಂಟೆಗಳು ಜಿ5 ಮತ್ತು ಡಿ3ರಲ್ಲಿ, ಮಂತ್ರಿ ಸಿ2ರಲ್ಲಿ, ಇನ್ನೊಂದು ಕುದುರೆ ಎಫ್3ರಲ್ಲಿ. ಅವರದು ಸಿ6 ಕಾಲಾಳು, ಇ7 ಒಂಟೆ, ಇ8 ಆನೆ, ಎಫ್8 ಕುದುರೆ. ಇಬ್ಬರದೂ ಕ್ಯಾಸ್ಲಿಂಗ್ (ರಾಜನನ್ನು ಮೂಲೆಯತ್ತ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವ ನಡೆ) ಆಗಿದೆ. ಹತ್ತು ನಡೆ ಮುಗಿದಿವೆ, ಎಲ್ಲಿಯೂ ಜಗಳವಿಲ್ಲ.

“ಈಗ ಕಾಯಿಗಳನ್ನೆಲ್ಲ ಮರೆತುಬಿಡು, ಕಾಲಾಳುಗಳನ್ನು ಮಾತ್ರ ನೋಡು” ಎಂದರು ಮೇಷ್ಟ್ರು. ಕಾಲಾಳುಗಳೇ ಚೆಸ್ಸಿನ ಆತ್ಮ ಎಂದು ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ ಹದಿನೆಂಟನೇ ಶತಮಾನದಲ್ಲೇ ಹೇಳಿದ್ದನಂತೆ. ಮಾತು ಚೆನ್ನಾಗಿದೆ, ಆದರೆ ಬೋರ್ಡಿನ ಮೇಲೆ ಅದರಿಂದ ಏನು ಮಾಡಬೇಕು ಎಂಬುದು ನನಗೆ ತಿಳಿದದ್ದು ಅಂದೇ. ಮಂತ್ರಿಯ ಪಕ್ಕದಲ್ಲಿ, ಅಂದರೆ ಬೋರ್ಡಿನ ಎಯಿಂದ ಡಿವರೆಗಿನ ಅರ್ಧದಲ್ಲಿ, ನನಗೆ ಎ ಮತ್ತು ಬಿ ಸಾಲಿನ ಎರಡು ಕಾಲಾಳುಗಳು. ಅವರಿಗೆ ಎ, ಬಿ, ಸಿ ಸಾಲುಗಳಲ್ಲಿ ಮೂರು. ಸಿ ಸಾಲು ನನ್ನ ಕಡೆಯಿಂದ ತೆರೆದಿದೆ, ಇ ಸಾಲು ಅವರ ಕಡೆಯಿಂದ.

ಮೂರು ಇರುವ ಕಡೆಗೆ ಎರಡನ್ನು ಕಳಿಸುವುದು ಮೂರ್ಖತನದಂತೆ ಕಾಣುತ್ತದೆ. ಆದರೆ ಇದು ಹೆಸರಾಂತ ಯೋಜನೆ, ಮೈನಾರಿಟಿ ಅಟ್ಯಾಕ್. ಈ ಕಾಲಾಳು ವಿನ್ಯಾಸಕ್ಕೆ ಕಾರ್ಲ್ಸ್‌ಬಾಡ್ ರಚನೆ ಎನ್ನುತ್ತಾರೆ. ಈಗಿನ ಚೆಕ್ ಗಣರಾಜ್ಯದ ಕಾರ್ಲೋವಿ ವಾರಿ ಊರಿನ ಹಳೆಯ ಹೆಸರು ಅದು. ನನ್ನ ಬಿ ಕಾಲಾಳು ಬಿ5ಕ್ಕೆ ತಲುಪಿದರೆ ಕಪ್ಪಿಗೆ ಇರುವುದು ಮೂರು ದಾರಿ, ಮೂರರಲ್ಲೂ ಸುಂಕ ಕಟ್ಟಬೇಕು. ಸಿ ಕಾಲಾಳಿನಿಂದ ಬಿ5 ಹೊಡೆದರೆ ಡಿ5 ಕಾಲಾಳು ಪಕ್ಕದ ಸಾಲುಗಳಲ್ಲಿ ಜೊತೆಯಿಲ್ಲದೆ ಒಂಟಿಯಾಗುತ್ತದೆ. ಸಿ5ಕ್ಕೆ ತಳ್ಳಿದರೆ ನಾನು ಡಿ4ರಿಂದ ಹೊಡೆಯುತ್ತೇನೆ, ಆಗಲೂ ಡಿ5 ಒಂಟಿ. ಏನೂ ಮಾಡದೆ ಬಿಟ್ಟರೆ ನಾನು ಸಿ6 ಹೊಡೆಯುತ್ತೇನೆ, ಅವರು ಬಿ7ರಿಂದ ತಿರುಗಿ ಹೊಡೆಯುತ್ತಾರೆ, ಆ ಸಿ6 ಕಾಲಾಳು ಹಿಂದೆ ಉಳಿದು ಆಟದುದ್ದಕ್ಕೂ ಕಾವಲು ಕೇಳುತ್ತದೆ. ಒಂದು ಕಾಯಿಯೂ ಲಾಭವಾಗಿಲ್ಲ. ಆದರೆ ಎಲ್ಲಿ ಗುರಿ ಇಡಬೇಕೆಂಬುದು ನಿಗದಿಯಾಯಿತು. ಸಣ್ಣ ಸಣ್ಣ ಅನುಕೂಲಗಳನ್ನು ಕೂಡಿಹಾಕಿ ಆಮೇಲೆ ದಾಳಿ ಮಾಡು ಎಂಬ ವಿಚಾರವನ್ನು ಪದ್ಧತಿಯಾಗಿ ಬೆಳೆಸಿದವನು ಸ್ಟೈನಿಟ್ಜ್, 1886ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದವನು. ಅವನ ಹೆಸರು ಕೇಳಿದ್ದೆ, ವಿಚಾರ ಕೈಗೆ ಬಂದದ್ದು ಈ ಸಿ6ರಿಂದ.

ಆಟ ಹೀಗೆ ಸಾಗಿತು. ನಾನು ಎ1 ಆನೆಯನ್ನು ಬಿ1ಕ್ಕೆ ತಂದೆ. ಬಿ ಕಾಲಾಳಿಗೆ ಹಿಂಬಲ ಎಂದು ಕಾರಣ ಕೊಟ್ಟೆ. ಅವರು ಎ5 ಆಡಿ, “ನಿನ್ನನ್ನು ತಡೆಯಲಾರೆ, ತಡಮಾಡಿಸುತ್ತೇನೆ” ಎಂದರು. ನಾನು ಎ3, ಅವರು ಎಫ್8 ಕುದುರೆಯನ್ನು ಜಿ6ಕ್ಕೆ. ನಾನು ಬಿ4; ಎ ಕಾಲಾಳುಗಳು ಬದಲಾದವು. ಅವರ ಒಂಟೆ ಡಿ6ಕ್ಕೆ ಬಂದು ನನ್ನ ರಾಜನ ಕಡೆ ಮುಖ ಮಾಡಿತು. ನಾನು ಬಿ5. ಅವರು ಎಚ್6 ಆಡಿ ನನ್ನ ಜಿ5 ಒಂಟೆಯನ್ನು ಕೇಳಿದರು: ಹೋಗುತ್ತೀಯೋ, ಹೊಡೆಯುತ್ತೀಯೋ?

ಇಲ್ಲಿ ಅರ್ಧ ಗಂಟೆ ಮಾತು ನಡೆಯಿತು. ಒಂಟೆಗೂ ಕುದುರೆಗೂ ಬೆಲೆ ಸರಿಸುಮಾರು ಒಂದೇ. ಎರಡೂ ಒಂಟೆ ಇರುವವನಿಗೆ ತುಸು ಅನುಕೂಲ ಎಂಬುದನ್ನೂ ಎಲ್ಲರೂ ಓದಿರುತ್ತಾರೆ. ಹಾಗಿದ್ದರೆ ಒಂಟೆ ಕೊಟ್ಟು ಕುದುರೆ ಏಕೆ ಹೊಡೆಯಬೇಕು? ಮೇಷ್ಟ್ರಿಗೆ ನಾನು ತೋಟದ ಭಾಷೆಯಲ್ಲೇ ಉತ್ತರ ಕೊಟ್ಟೆ. ಮರಗಸಿ ಮಾಡಿಸುವಾಗ ಕಡಿದು ಬಿದ್ದ ಕೊಂಬೆಯನ್ನು ಯಾರೂ ಅಳೆಯುವುದಿಲ್ಲ, ಮರದ ಮೇಲೆ ಉಳಿದ ನೆರಳನ್ನು ನೋಡುತ್ತಾರೆ. ಎಫ್6 ಕುದುರೆ ಹೋದರೆ ಉಳಿಯುವುದೇನು? ಡಿ5ಕ್ಕೆ ಇದ್ದ ಒಬ್ಬ ಕಾವಲುಗಾರ ಹೋಗುತ್ತಾನೆ. ಇ4ಕ್ಕೆ ನೆಗೆಯುವ, ಡಿ7 ಬಿ6 ಹಾದು ಸಿ4ಕ್ಕೆ ಬಂದು ನನ್ನ ದಾಳಿಗೇ ಅಡ್ಡ ಕೂರುವ ಕುದುರೆ ಹೋಗುತ್ತದೆ. ಅವರು ತಲೆಯಾಡಿಸಿ, “ಸರಿ, ಆದರೆ ನನ್ನ ಮಂತ್ರಿ ನಿನ್ನ ರಾಜನ ಕಡೆ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿ” ಎಂದರು. ಹೊಡೆದೆ. ಅವರು ಮಂತ್ರಿಯಿಂದ ಹೊಡೆದು ಎಫ್6ಕ್ಕೆ ಬಂದರು. ಬಿ5 ಕಾಲಾಳು ಸಿ6 ಹೊಡೆಯಿತು, ಬಿ7 ಕಾಲಾಳು ತಿರುಗಿ ಹೊಡೆಯಿತು. ಯೋಜನೆ ಪೂರ್ತಿಯಾಗಿತ್ತು; ಸಿ6 ಬಯಲಲ್ಲಿ ನಿಂತಿತ್ತು.

ನಾನು ಬೀಗುತ್ತಿರುವಾಗಲೇ ಮೇಷ್ಟ್ರು ಎರಡೂ ಕೈಯಲ್ಲಿ ಬೋರ್ಡ್ ಹಿಡಿದು ತಿರುಗಿಸಿಬಿಟ್ಟರು.

“ಇನ್ನು ನಿನ್ನದು ಕಪ್ಪು. ಬದುಕಿಕೋ.”

ಪಾಠದ ಆಟದಲ್ಲಿ ನನಗೆ ಅತ್ಯಂತ ಹೆಚ್ಚು ಕೊಟ್ಟದ್ದು ಈ ತಿರುಗಿಸುವಿಕೆ. ಇಷ್ಟು ಹೊತ್ತು ಸಿ6ರ ಮೇಲೆ ಕಣ್ಣಿಟ್ಟು ಆಡಿದವನು ಈಗ ಅದೇ ಸಿ6ರ ಯಜಮಾನ. ಮೊದಲು ಮನಸ್ಸಿಗೆ ಬಂದದ್ದು ಅದನ್ನು ಕಾಯುವ ನಡೆಗಳೇ. “ಕಾಯುವುದಾದರೆ ಎಷ್ಟು ದಿನ?” ಎಂದರು. ಅವರು ಬಿಳಿಯ ಎಫ್1 ಆನೆಯನ್ನು ಸಿ1ಕ್ಕೆ ಸರಿಸಿದರು, ಸಿ ಸಾಲಿನಲ್ಲಿ ಒತ್ತಡ ಹಾಕಲು. ಅವರ ನಡೆ ಏನನ್ನು ಬಯಸುತ್ತಿದೆ ಎಂದು ಹೇಳಿದ ಮೇಲೆ, ಅದು ಏನನ್ನು ಬಿಟ್ಟುಹೋಯಿತು ಎಂಬುದೂ ಕಂಡಿತು. ರಾಜನ ಪಕ್ಕದ ಆನೆ ಹೊರಟುಹೋಗಿದೆ, ಎಫ್2ಕ್ಕೆ ರಾಜ ಮತ್ತು ದೂರದ ಸಿ2 ಮಂತ್ರಿಯಷ್ಟೇ ದಿಕ್ಕು. ನನ್ನ ಕಡೆ ಮಂತ್ರಿ ಎಫ್6ರಲ್ಲಿ, ಒಂಟೆ ಡಿ6ರಲ್ಲಿ, ಕುದುರೆ ಜಿ6ರಲ್ಲಿ, ಎಲ್ಲವೂ ಆ ಕಡೆಗೇ ನೋಡುತ್ತಿವೆ. ಕೆಲಸವಿಲ್ಲದೆ ಕೂತವನು ಸಿ8 ಒಂಟೆ. ಅದನ್ನು ಜಿ4ಕ್ಕೆ ತಂದೆ: ಎಫ್3 ಕುದುರೆಯನ್ನು ಹೊಡೆದು ರಾಜನ ಮುಂದಿನ ಕಾಲಾಳುಗಳನ್ನು ಒಡೆಯುವ ಬೆದರಿಕೆ. ಅವರು ಕುದುರೆಯನ್ನು ಇ1ಕ್ಕೆ ಹಿಂದೆಗೆದರು. ನಾನು ನನ್ನ ಕುದುರೆಯನ್ನು ಎಚ್4ಕ್ಕೆ ನುಗ್ಗಿಸಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಜಿ3 ಆಡಿ ಓಡಿಸೋಣವೆಂದರೆ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ. ನಾನು ಹೊಡೆದರೆ ನಿನ್ನ ಒಂಟೆ ಅಲ್ಲೇ ಬಂದು ಕೂರುತ್ತದೆ, ಆಮೇಲೆ ಅದನ್ನು ಎಬ್ಬಿಸುವುದು ಕಷ್ಟ” ಎಂದು ತಮ್ಮ ಭಯವನ್ನು ತಾವೇ ಬಿಡಿಸಿಟ್ಟರು. ಅಲ್ಲಿಗೆ ಆಟ ನಿಲ್ಲಿಸಿದೆವು. ಮುಗಿಸಬೇಕೆಂಬ ಹಟ ನಮಗಿಲ್ಲ. ಮಂತ್ರಿಯ ಪಕ್ಕದಲ್ಲಿ ಬಿಳಿ ಗೆಲ್ಲುತ್ತಿದೆ, ರಾಜನ ಪಕ್ಕದಲ್ಲಿ ಕಪ್ಪು ಒತ್ತುತ್ತಿದೆ, ಯಾರದು ಮೊದಲು ತಲುಪುತ್ತದೆ ಎಂಬುದೇ ಈ ರಚನೆಯ ಕಥೆ. ಒಂದೇ ಬಣ್ಣದಲ್ಲಿ ನೂರು ಸಲ ಆಡಿದರೂ ಅದರ ಅರ್ಧ ಮಾತ್ರ ತಿಳಿಯುತ್ತಿತ್ತು.

ಆಟದ ನಂತರದ್ದು ಚಿಕ್ಕ ಕೆಲಸ. ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಎಲ್ಲಿ ಯೋಜನೆ ಬದಲಾಯಿತು ಎಂದು ಗುರುತು ಹಾಕಿ, ಏಕೆ ಎಂದು ಎರಡು ಮೂರು ಸಾಲು ಬರೆಯುತ್ತೇನೆ. ಮನೆಗೆ ಬಂದು ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಏರಿಸಿಡುತ್ತೇನೆ. ಅದು ಉಚಿತ, ಟಿಪ್ಪಣಿ ಸೇರಿಸಲೂ ಅನುಕೂಲವಿದೆ. ನಡೆಗಳನ್ನು ಲೆಕ್ಕ ಹಾಕಿ ಅಂಕಿ ಕೊಡುವ ಕಂಪ್ಯೂಟರ್ ಎಂಜಿನ್ ತೆರೆಯುವುದು ನನ್ನ ಸಾಲುಗಳನ್ನು ಬರೆದಾದ ಮೇಲೆ ಮಾತ್ರ. ಈ ವಿಷಯದಲ್ಲಿ ಮೇಷ್ಟ್ರಿಗೂ ನನಗೂ ಭಿನ್ನಾಭಿಪ್ರಾಯವಿದೆ: ಅವರಿಗೆ ಎಂಜಿನ್ ಬೇಡವೇ ಬೇಡ. ಅದು ಅಂಕಿ ಹೇಳುತ್ತದೆ, ಕಾರಣ ಹೇಳುವುದಿಲ್ಲ ಎನ್ನುತ್ತಾರೆ. ಮಾತು ನಿಜ. ಆದರೆ ನಾವಿಬ್ಬರೂ ಸೇರಿ ಕಣ್ಣು ತಪ್ಪಿಸಿದ ಹೊಡೆತವನ್ನು ಹಿಡಿದುಕೊಡಲು ಮೂರನೆಯವನೊಬ್ಬ ಬೇಕಲ್ಲ.

ಮೇಷ್ಟ್ರಂಥವರು ಎಲ್ಲರಿಗೂ ಸಿಗುವುದಿಲ್ಲ, ಸಿಗಲೇಬೇಕೆಂದೂ ಇಲ್ಲ. ತೋಟದ ಆಳುಗಳ ಲೈನ್ ಮನೆಯಲ್ಲಿರುವ ಪಿಯುಸಿ ಹುಡುಗನೊಬ್ಬನ ಜೊತೆ ನಾನು ಇದೇ ಕಟ್ಟಳೆಯಲ್ಲಿ ಆಡುತ್ತೇನೆ. ಅವನು ನನಗಿಂತ ಬೇಗ ಲೆಕ್ಕ ಹಾಕುತ್ತಾನೆ, ಆದರೆ “ಏಕೆ ಈ ನಡೆ?” ಎಂದರೆ “ಅಣ್ಣಾ, ಚೆನ್ನಾಗಿ ಕಾಣಿಸಿತು” ಎಂದು ನಗುತ್ತಾನೆ. ಆ ನಗುವಿಗೆ ನಾನು ಬಗ್ಗುವುದಿಲ್ಲ. ಕಾರಣ ಬರುವವರೆಗೆ ಕಾಯಿ ಅವನ ಕೈಯಲ್ಲೇ ಇರುತ್ತದೆ. ಇಬ್ಬರೂ ಸಮಬಲದವರಾಗಿದ್ದರೆ ಇನ್ನೂ ಒಳ್ಳೆಯದೇ. ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆ ಇದ್ದರೆ ಆಯಿತು. ತಮ್ಮ ಯೋಜನೆ ಮುಚ್ಚಿಟ್ಟು ಗೆಲ್ಲಬೇಕೆನ್ನುವವರ ಜೊತೆ ಮಾತ್ರ ಇದು ನಡೆಯುವುದಿಲ್ಲ. ಅಂಥವರೊಂದಿಗೆ ಗಡಿಯಾರ ಇಟ್ಟೇ ಆಡಿ.

ಮುಂದಿನ ಭಾನುವಾರಕ್ಕೆ ಕಪ್ಪನ್ನು ನಾನೇ ಕೇಳಿಕೊಂಡಿದ್ದೇನೆ. ಮೇಷ್ಟ್ರು ಬಿ4 ಆಡಿದ ಕೂಡಲೇ ಈ ಸಲ ನಾನೇ ಬಿ5ಕ್ಕೆ ತಳ್ಳಿ ಅವರ ಕಾಲಾಳಿನ ದಾರಿಗೆ ಅಡ್ಡ ನಿಲ್ಲುವ ಯೋಚನೆ. ಸಿ6 ಹಿಂದೆ ಉಳಿಯುತ್ತದೆ, ನಿಜ. ಆದರೆ ಡಿ7ರ ಕುದುರೆಯನ್ನು ಎಫ್8ಕ್ಕೆ ಕಳಿಸದೆ ಉಳಿಸಿಕೊಂಡರೆ, ಬಿ6 ಹಾದು ಸಿ4ಕ್ಕೆ ತಲುಪಿಸಿ ಅವರ ಸಿ ಸಾಲಿಗೇ ಬಾಗಿಲು ಹಾಕಬಹುದು. ಆ ಕುದುರೆಗೆ ಎರಡು ನಡೆ ಬೇಕು. ಅಷ್ಟರಲ್ಲಿ ಅವರು ಮಧ್ಯದಲ್ಲಿ ಇ4 ತಳ್ಳಿದರೆ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.