ಟವರ್ ಗುಂಡಿಗೆ ಬಿದ್ದ ನಕ್ಷತ್ರ ಆಮೆ

ಗುಂಡಿಯ ಮೂಲೆಯಲ್ಲಿ ಅದು ಅಂಗಾತ ಬಿದ್ದಿತ್ತು. ಬೆಳಿಗ್ಗೆ ಎಂಟೂವರೆ. ಇನ್ನೆರಡು ಗಂಟೆ ಕಳೆದಿದ್ದರೆ ಬಿಸಿಲಿಗೆ ಬೆಂದೇ ಹೋಗುತ್ತಿತ್ತು.

ನಾನು ವಿದ್ಯುತ್ ಲೈನ್ ಕೆಲಸದ ಸೈಟ್ ಎಂಜಿನಿಯರ್. ಆಗ ನಮ್ಮ 220 ಕೆವಿ ಲೈನು ಕೋಲಾರ, ಚಿಂತಾಮಣಿ ಕಡೆಯ ಗೋಮಾಳ ಮತ್ತು ಕುರುಚಲು ಗುಡ್ಡಗಳ ಮೇಲೆ ಹೋಗುತ್ತಿತ್ತು. ಈ ಸೀಮೆ ನಕ್ಷತ್ರ ಆಮೆಯ ತವರು. ಕದ್ದು ಮಾರುವವರ ಕಣ್ಣೂ ಇಲ್ಲೇ. 2019ರಲ್ಲಿ ಈ ಆಮೆಯನ್ನು ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿ, ದೇಶದಿಂದ ದೇಶಕ್ಕೆ ಮಾರುವುದನ್ನು ನಿಲ್ಲಿಸಿದರು. ನಮ್ಮ ವನ್ಯಜೀವಿ ಕಾಯ್ದೆಯಲ್ಲೂ 2022ರ ತಿದ್ದುಪಡಿಯಿಂದ ಇದು ಷೆಡ್ಯೂಲ್ 1ಕ್ಕೆ ಬಂತು. ಹುಲಿ, ಆನೆ ಇರುವ ಪಟ್ಟಿ ಅದು.

ಇದೆಲ್ಲ ಕಾಗದದಲ್ಲಿ ನಮಗೆ ಗೊತ್ತಿತ್ತು. ಜೆಸಿಬಿ ಓಡಿಸುವವರಿಗೆ ಎಚ್ಚರಿಕೆ ಹೇಳಿದ್ದೆವು, 35 ಮೀಟರ್ ಅಗಲದ ದಾರಿಯಲ್ಲಿ ಪೊದೆ ಸವರುವ ಮೊದಲು ಹುಡುಕಿದ್ದೆವು. ಗುಂಡಿಯ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಒಂದು ಟವರ್‌ಗೆ ನಾಲ್ಕು ಕಾಲು, ನಾಲ್ಕು ಗುಂಡಿ. ಹತ್ತಡಿ ಹತ್ತಿರ ಆಳ, ಗೋಡೆ ನೇರ. ತೋಡಿದ ಮೇಲೆ ಕಬ್ಬಿಣ ಕಟ್ಟಬೇಕು, ಟವರ್ ಕಾಲಿನ ಬುಡದ ಕಬ್ಬಿಣ, ಅಂದರೆ ಸ್ಟಬ್ ಕೂರಿಸಬೇಕು, ಇನ್‌ಸ್ಪೆಕ್ಷನ್ ಆಗಬೇಕು. ಕಾಂಕ್ರೀಟ್ ಬೀಳುವ ಹೊತ್ತಿಗೆ ವಾರವಾದರೂ ಆಯಿತು. ಅಷ್ಟೂ ರಾತ್ರಿ ಬಾಯಿ ತೆರೆದ ಬಲೆ ಅದು.

ಅರಣ್ಯ ಇಲಾಖೆಯ ಬೀಟ್ ಗಾರ್ಡ್‌ಗೆ ಫೋನ್ ಮಾಡಿದೆ. "ನಿಧಾನವಾಗಿ ಮಗುಚಿ, ನೆರಳು ಮಾಡಿ, ನಾನು ಬರೋವರೆಗೂ ಎತ್ತಬೇಡಿ" ಎಂದರು. ಟಾರ್ಪಾಲಿನ್ ಹಿಡಿದು ಕಾದೆವು. ಆಮೆ ಹೆದರಿದರೆ ಮೈಯಲ್ಲಿ ಕೂಡಿಟ್ಟ ನೀರನ್ನು ಉಚ್ಚೆ ಹೊಯ್ದುಬಿಡುತ್ತದಂತೆ. ಬೇಸಿಗೆಯಲ್ಲಿ ಅದೇ ಅದರ ಬಂಡವಾಳ. ಗಾರ್ಡ್ ಬಂದು ಮೇಲೆತ್ತಿ, ಅಲ್ಲೇ ಕೂಗಳತೆ ದೂರದ ಜಾಲಿ ಪೊದೆಯಡಿ ಬಿಟ್ಟರು. "ದೂರದ ಒಳ್ಳೇ ಕಾಡಿಗೆ ಬಿಡಬಹುದಲ್ವಾ ಸಾರ್?" ಎಂದೆ. "ಅದರ ಮನೆ ಇದು. ಗೊತ್ತಿಲ್ಲದ ಜಾಗದಲ್ಲಿ ಅದೆಲ್ಲಿ ಮೇಯುತ್ತೆ? ಜೊತೆಗೆ ರೋಗ ಹೊತ್ಕೊಂಡು ಹೋದರೆ?" ಎಂದರು.

ಅವತ್ತೇ ಗುಂಡಿಗಳ ಸುತ್ತ ಹಸಿರು ನೆಟ್ ಕಟ್ಟಿಸಿದೆ. ದೊಡ್ಡ ತಪ್ಪು. ಮೂರನೇ ದಿನ ಕೇರೆ ಹಾವೊಂದು ಅದಕ್ಕೆ ಸಿಕ್ಕಿಕೊಂಡು ಅರೆಜೀವವಾಗಿತ್ತು. ಬಿಡಿಸಲು ಹಾವು ಹಿಡಿಯುವವರೇ ಬರಬೇಕಾಯಿತು. ಒಂದನ್ನು ಉಳಿಸಲು ಹೋಗಿ ಇನ್ನೊಂದರ ಕುತ್ತಿಗೆಗೆ ಉರುಳು.

ಆಮೇಲೆ ಗುಜರಿಯಿಂದ ಹಳೇ ತಗಡು ತಂದೆವು. ಎರಡಡಿ ಅಗಲಕ್ಕೆ ಕತ್ತರಿಸಿ, ಅರ್ಧ ಅಡಿ ಮಣ್ಣಲ್ಲಿ ಹೂತು ನಿಲ್ಲಿಸಿದೆವು. ನುಣುಪು ತಗಡಿಗೆ ಆಮೆಯ ಉಗುರು ಹಿಡಿಯುವುದಿಲ್ಲ. ಉಡ ಹತ್ತೀತು ಎಂದು ಗುಂಡಿಯೊಳಗೆ ಗೋಣಿಚೀಲ ಸುತ್ತಿದ ಹಲಗೆ ಇಳಿಬಿಟ್ಟೆವು. ಬಿದ್ದರೂ ತಾನೇ ಹತ್ತಿ ಹೋಗಲಿ ಅಂತ. ಇದಕ್ಕಿಂತ ಕಷ್ಟವಾಗಿದ್ದು ಕಂಟ್ರಾಕ್ಟರ್ ಜೊತೆಗಿನ ಜಗಳ. ಎರಡು ದಿನದಲ್ಲಿ ಕಾಂಕ್ರೀಟ್ ಹಾಕಲು ಆಗುವಷ್ಟೇ ಗುಂಡಿ ತೋಡಿ ಎಂದೆ. ಜೆಸಿಬಿ ಬಾಡಿಗೆ ಲೆಕ್ಕ ತೆಗೆದು ಅವರು ಕೂಗಾಡಿದರು. ಕೊನೆಗೆ ಮಳೆ ಬಂದು ಖಾಲಿ ಗುಂಡಿಗಳ ಗೋಡೆ ಕುಸಿದಾಗ ತಾವೇ ಒಪ್ಪಿದರು. ಆಮೆಗಲ್ಲ, ಮಣ್ಣಿಗೆ ಹೆದರಿ!

ಹುಡುಕುವುದನ್ನು ಕಲಿಸಿದ್ದು ಒಬ್ಬ ಕುರಿ ಕಾಯುವ ತಾತ. ಹತ್ತು ಗಂಟೆಗೆ ಪೊದೆ ತಡಕುತ್ತಿದ್ದ ನಮ್ಮನ್ನು ನೋಡಿ ನಕ್ಕರು. "ಬಿಸಿಲೇರಿದ ಮೇಲೆ ಏನ್ ಸಿಗುತ್ತೆ ಸಾ? ಮಳೆ ಬಿದ್ದ ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಬನ್ನಿ." ಹಾಗೇ ಮಾಡಿದೆವು. ಮೊದಲ ಬೆಳಿಗ್ಗೆಯೇ ಎರಡು ಸಿಕ್ಕವು. ಒಣಹುಲ್ಲಿನಲ್ಲಿ ಚಿಪ್ಪಿನ ಆ ಹಳದಿ ಗೆರೆಗಳು ಕಾಣುವುದೇ ಇಲ್ಲ, ಕಾಲಿಗೆ ತಾಗಿದಾಗಲೇ ಗೊತ್ತಾಗುವುದು.

ಪಶ್ಚಿಮ ಬಂಗಾಳದ ಮಾಲ್ದಾದಿಂದ ಬಂದ ಟವರ್ ಹುಡುಗರಿಗೆ ಹರಕು ಹಿಂದಿಯಲ್ಲಿ ಒಂದೇ ನಿಯಮ ಹೇಳಿದ್ದೆ: ಕಂಡರೆ ಕೂಗಿ, ಮುಟ್ಟಬೇಡಿ, ಫೋಟೊ ತೆಗೆಯಬೇಡಿ. ಫೋಟೊ ವಾಟ್ಸಾಪ್‌ನಲ್ಲಿ ಓಡಾಡಿದರೆ ಕಳ್ಳರಿಗೆ ನಾವೇ ದಾರಿ ತೋರಿಸಿದ ಹಾಗೆ. ಅದೃಷ್ಟ ತರುತ್ತೆ ಅಂತ ಒಬ್ಬ ಮರಿಯೊಂದನ್ನು ಶೆಡ್‌ನಲ್ಲಿ ಬಕೆಟ್‌ಗೆ ಹಾಕಿ ಇಟ್ಟಿದ್ದ. ಬೈಯಲಿಲ್ಲ. ಗಾರ್ಡ್ ಎದುರು ಕೂರಿಸಿ, ಜೈಲಿನ ವಿಷಯ ಕೇಳಿಸಿದೆ. ಆಮೇಲೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ.

ತಂತಿ ಎಳೆದು ಮುಗಿದ ದಿನ ತಾತ ಬಂದು ತಗಡುಗಳನ್ನು ತಿರುಗಿಸಿ ನೋಡುತ್ತಾ ನಿಂತರು. "ಇವನ್ನೇನ್ ಮಾಡ್ತೀರ ಸಾ?" ಈಗ ಅವು ಅವರ ಕುರಿ ದೊಡ್ಡಿಯ ಗೋಡೆ.