ಎಂಡೊಮೆಟ್ರಿಯೋಸಿಸ್ ಆಪರೇಷನ್: ಆಸ್ಪತ್ರೆ ಬಿಲ್ ನಾನು ನಿಭಾಯಿಸಿದ ಬಗೆ

ನನಗಿದ್ದದ್ದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ. ಮೊದಲ ಆಸ್ಪತ್ರೆಯವರು ಕೊಟ್ಟ ಎಸ್ಟಿಮೇಟಿನಲ್ಲಿ ಒಂದೇ ಸಾಲಿತ್ತು: ಲ್ಯಾಪರೊಸ್ಕೋಪಿಕ್ ಸಿಸ್ಟೆಕ್ಟಮಿ (ಸಣ್ಣ ರಂಧ್ರ ಮಾಡಿ ಸಿಸ್ಟ್ ತೆಗೆಯುವ ಆಪರೇಷನ್), ಪ್ಯಾಕೇಜ್ 1,80,000 ರೂಪಾಯಿ. ಎರಡೂ ಅಂಡಾಶಯಗಳಲ್ಲಿ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಆಗುವ, ಹಳೆಯ ರಕ್ತ ತುಂಬಿದ ಚೀಲ) ಇರುವುದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು, ಅದಕ್ಕೆ ಆ ಲೆಕ್ಕ. ಆದರೆ ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್ಟಿಗೆ ಕೂತರೆ ಕಣ್ಣು ಕತ್ತಲೆ ಬರುವಂಥ ನೋವು ಇತ್ತಲ್ಲ, ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ತೋರಿಸಿದ ಎರಡನೇ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನು. 9,000 ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಿದೆ. ಕರುಳು ಗರ್ಭಕೋಶದ ಬೆನ್ನಿಗೆ ಅಂಟಿಕೊಂಡಿತ್ತು.

ಅಲ್ಲಿಂದ ಖರ್ಚಿನ ಲೆಕ್ಕವೇ ಬೇರೆಯಾಯಿತು. ಸ್ತ್ರೀರೋಗ ತಜ್ಞರ ಜೊತೆ ಕರುಳಿನ ಸರ್ಜನ್ ಕೂಡ ಬೇಕು, ಅವರ ಫೀಸ್ ಬೇರೆ. ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ಎರಡು ಎಸ್ಟಿಮೇಟ್ ಬರೆಸಿಕೊಂಡೆ: ಕರುಳಿನ ಮೇಲೆ ಬೆಳೆದ ಕಾಯಿಲೆಯ ಗಂಟನ್ನು ಹೆರೆದು ತೆಗೆದರೆ 2,60,000, ಕರುಳಿನ ತುಂಡನ್ನೇ ಕತ್ತರಿಸಿ ಸ್ಟೇಪ್ಲರ್ ಹಾಕಬೇಕಾಗಿ ಬಂದರೆ 4,20,000. ಯಾವುದೆಂದು ಹೊಟ್ಟೆಯೊಳಗೆ ನೋಡಿದ ಮೇಲೆಯೇ ನಿಶ್ಚಯ. ದಯವಿಟ್ಟು ನೀವೂ ಎರಡನ್ನೂ ಬರೆಸಿಕೊಳ್ಳಿ. ಹಾಗೆ ಬರೆಸಿಕೊಂಡಿದ್ದರಿಂದ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಮ್ಮನೆಯವರು ದುಡ್ಡಿಗೆ ಫೋನ್ ಹಚ್ಚುತ್ತಾ ನಿಲ್ಲಬೇಕಾಗಲಿಲ್ಲ.

ನನ್ನ ವಿಮೆ 5 ಲಕ್ಷದ್ದು, ರೂಮ್ ಬಾಡಿಗೆಗೆ ದಿನಕ್ಕೆ ಅದರ ಶೇ 1, ಅಂದರೆ 5,000 ಮಿತಿ. ಅಮ್ಮ ಸಿಂಗಲ್ ರೂಮೇ ಬೇಕು ಅಂದರು, ಅದಕ್ಕೆ 8,000. ಮೂರು ದಿನಕ್ಕೆ ಹೆಚ್ಚುವರಿ 9,000 ತಾನೇ ಅನ್ನಿಸುತ್ತದೆ. ಹಾಗಲ್ಲ. ಮಿತಿ ದಾಟಿದರೆ ಸರ್ಜನ್, ಅರಿವಳಿಕೆ, ಥಿಯೇಟರ್ ಚಾರ್ಜುಗಳನ್ನೂ ಅದೇ ಅನುಪಾತದಲ್ಲಿ, ಅಂದರೆ 8,000ಕ್ಕೆ 5,000ದ ಲೆಕ್ಕದಲ್ಲಿ, ಕಡಿತ ಮಾಡುತ್ತಾರೆ. ಅವೆಲ್ಲ ಸೇರಿ 2 ಲಕ್ಷ ಆದರೆ ವಿಮೆಯವರು ಕೊಡುವುದು 1,25,000, ಉಳಿದ 75,000 ನಮ್ಮ ತಲೆಗೆ. ಔಷಧಿ, ಲ್ಯಾಬ್ ಟೆಸ್ಟುಗಳಿಗೆ ಈ ಕಡಿತ ಇಲ್ಲ. 5,000 ಮೀರಿದ ರೂಮಿಗೆ ಶೇ 5 ಜಿಎಸ್‌ಟಿ ಕೂಡ ಬೀಳುತ್ತದೆ. ಅಮ್ಮನಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿ 4,500ರ ಶೇರಿಂಗ್ ರೂಮಿಗೆ ಒಪ್ಪಿಸಿದೆ.

ಒಂದು ಕಡೆ ಸಿಕ್ಕಿಹಾಕಿಕೊಂಡೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಹಳೆಯ ಚೀಟಿಯೊಂದರಲ್ಲಿ ‘ಇನ್‌ಫರ್ಟಿಲಿಟಿ’ ಎಂಬ ಪದವಿತ್ತು. ನನ್ನ ಪಾಲಿಸಿಯಲ್ಲಿ ಬಂಜೆತನದ ಚಿಕಿತ್ಸೆಗೆ ಹಣ ಇಲ್ಲ. ಟಿಪಿಎ (ವಿಮೆ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಕಡೆಯಿಂದ ಕ್ವೆರಿ ಬಂತು, ಅಡ್ಮಿಷನ್ನಿಗೆ ಎರಡೇ ದಿನ ಉಳಿದಿತ್ತು. ನಾನು ಆಪರೇಷನ್ನಿಗೆ ಹೊರಟದ್ದು ನೋವಿಗೆ. ಡಾಕ್ಟರ್ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು: ತೀವ್ರ ನೋವು, ಕರುಳಿಗೆ ಹರಡಿದೆ. ಎಂಆರ್‌ಐ ರಿಪೋರ್ಟ್ ಲಗತ್ತಿಸಿ ಕಳಿಸಿದ ಮೇಲೆ ಮಂಜೂರಾಯಿತು. ಈ ಕಾಯಿಲೆಗೆ ನನ್ನ ಪಾಲಿಸಿಯಲ್ಲಿದ್ದ ಎರಡು ವರ್ಷದ ಕಾಯುವ ಅವಧಿ ಆಗಲೇ ಮುಗಿದಿದ್ದು ಪುಣ್ಯ.

ಆಪರೇಷನ್ ನಾಲ್ಕೂವರೆ ಗಂಟೆ ನಡೆಯಿತು. ಕರುಳು ಕತ್ತರಿಸಬೇಕಾಗಲಿಲ್ಲ. ಬಿಲ್ 2,84,000, ವಿಮೆಯಿಂದ 2,55,000 ಬಂತು. ನಾವು ಕಟ್ಟಿದ 29,000ದಲ್ಲಿ ಹೆಚ್ಚಿನದು ಗ್ಲೌಸ್, ಡ್ರೇಪ್‌ನಂಥ ಕನ್ಸ್ಯೂಮಬಲ್ಸ್. ನನ್ನ ಪಾಲಿಸಿ ಅವನ್ನು ಕೊಡುವುದಿಲ್ಲ. ಕಾಯಿಲೆ ಮತ್ತೆ ಬೆಳೆಯದಿರಲೆಂದು ದಿನಕ್ಕೊಂದು ಡೈನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೇನೆ. ಡಿಸ್ಚಾರ್ಜ್ ಆದ ಮೇಲಿನ 60 ದಿನದ ಔಷಧಿ ಖರ್ಚೂ ಸಿಗುತ್ತದೆಂದು ಪಾಲಿಸಿಯಲ್ಲಿತ್ತು. ಮೆಡಿಕಲ್ ಸ್ಟೋರಿನ ಪ್ರತಿ ಬಿಲ್ಲನ್ನೂ ಒಂದೇ ಫೈಲಿಗೆ ಸೇರಿಸಿ, ಎಂಆರ್‌ಐ ರಸೀದಿಯ ಜೊತೆ ಕಳಿಸಿದೆ. ಆ ದುಡ್ಡೂ ಬಂತು.